ಬಕೆಟ್ ಒದ್ದವರು

ಹಳ್ಳಿಯ ಸರಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರ ಮರ್ಯಾದೆ ಹೋಗಲು ದೊಡ್ಡ ತಪ್ಪೇನೂ ಬೇಕಾಗಿಲ್ಲ. ಪಾಠವನ್ನು ಸರಿಯಾಗಿ ಹೇಳಿದರೂ ಹೋಗುತ್ತದೆ. ಹದಿನಾಲ್ಕು ವರ್ಷದಿಂದ ನನಗೆ ಇದು ವಾರಕ್ಕೊಮ್ಮೆಯಾದರೂ ಆಗುತ್ತ ಬಂದಿದೆ, ನಿವೃತ್ತಿ ಇನ್ನೂ ಭಾಳ ದೂರ ಇದೆ.

ನಾನು ಯಲಬುರ್ಗಾ ಕಡೆಯ ಬೇವೂರಿನವಳು. ಹತ್ತನೇ ಕ್ಲಾಸಿನ ತನಕ ಕನ್ನಡ ಸಾಲಿ. ಕಾಲೇಜಿನಲ್ಲಿ ಇಂಗ್ಲಿಷ್ ಹಿಡಿದದ್ದು ಆ ಭಾಷೆಯ ಮೇಲಿನ ಪ್ರೀತಿಗಲ್ಲ, "ಅದಕ್ಕ ನೌಕರಿ ಲಗೂನ ಸಿಗತೈತಿ" ಅಂತ ಸೋದರಮಾವ ಹೇಳಿದ್ದಕ್ಕೆ. ನೌಕರಿ ಸಿಕ್ಕಿತು. ಅದರ ಜೊತೆ ಒಂದು ಹೆದರಿಕೆಯೂ ಬಂದು ಕೂತಿತು. ಇವತ್ತು ಯಾರು ಎದ್ದು ನಿಂತು ನನಗೆ ಬಾರದ್ದನ್ನು ಕೇಳುತ್ತಾರೋ! ಕೊಪ್ಪಳದಲ್ಲಿ ಬಸ್ಸು ಹತ್ತಿದರೆ ಇರಕಲ್ಲಗಡ ದಾಟಿ ನಮ್ಮ ಸಾಲಿಯ ಊರು ಬರುವ ತನಕ ನನ್ನ ಮುಖ ಗೈಡಿನಲ್ಲಿ. ಒಮ್ಮೆ ಹೊಸ ಕಂಡಕ್ಟರ್ ಕನಿಕರದಿಂದ ಕೇಳಿದ, "ಪರೀಕ್ಷಾ ಯಾವಾಗ ಐತ್ರಿ ಅಕ್ಕೋರ?"

"ದಿನಾನೂ ಐತಪ್ಪ" ಅಂದೆ.

ಅಂಥ ನನ್ನನ್ನು ಒಂದು ವರ್ಷ ಇಡೀ ಅಟ್ಟಾಡಿಸಿಕೊಂಡು ಹೊಡೆದದ್ದು ವ್ಯಾಕರಣವಲ್ಲ, ಸ್ಪೆಲಿಂಗೂ ಅಲ್ಲ. ಒಂದು ಬಕೆಟ್.

ನಳ ಬರುವ ದಿನ

ಹತ್ತನೇ ಕ್ಲಾಸಿಗೆ ನುಡಿಗಟ್ಟುಗಳ ಪಾಠ. ನಾನು ಬೋರ್ಡಿನ ಮೇಲೆ ಬರೆದೆ, 'ಕಿಕ್ ದಿ ಬಕೆಟ್'. ಮುಂದೆ ಒಂದು ಗೆರೆ ಎಳೆದು ಅರ್ಥ ಬರೆದೆ, 'ಸಾಯುವುದು'. ಮಕ್ಕಳು ಬರೆದುಕೊಂಡರು. ನಾನು ಮುಂದಿನ ನುಡಿಗಟ್ಟಿಗೆ ಸುಣ್ಣದಕಡ್ಡಿ ಎತ್ತಿದೆ.

ಮೊದಲನೇ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ಓದಿನಲ್ಲಿ ಚುರುಕು. ಅಂಥವರನ್ನು ಕಂಡರೆ ಬೇರೆ ಮಾಸ್ತರರಿಗೆ ಸಂತೋಷ, ನನಗೆ ಎದೆ ಡವಡವ. ಅವಳು ಎದ್ದು ನಿಂತಳು.

"ಅಕ್ಕೋರ, ಬಕೀಟು ಒದ್ರ ಯಾಕ ಸಾಯ್ತಾರ್ರಿ?"

ನಾನು ಈ ಮಾತನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ, ಕಾಲೇಜಿನಲ್ಲಿ ಮಾಡಿದ್ದೆ, ಹದಿನಾಲ್ಕು ವರ್ಷ ಮಕ್ಕಳಿಂದ ಮಾಡಿಸಿದ್ದೆ. ಯಾಕೆ ಅಂತ ನನಗೆ ಒಮ್ಮೆಯೂ ಅನಿಸಿರಲಿಲ್ಲ. ತಪ್ಪಿಸಿಕೊಳ್ಳಲು ಮಾಸ್ತರರು ಮಾಡುವುದನ್ನೇ ನಾನೂ ಮಾಡಿದೆ. ಪ್ರಶ್ನೆಯನ್ನು ತಿರುಗಿ ಕ್ಲಾಸಿನ ಮೇಲೇ ಒಗೆದೆ.

"ಛಲೋ ಪ್ರಶ್ನೆ. ಯಾರು ಹೇಳ್ತೀರಿ?"

ಹಿಂದಿನ ಸಾಲಿನವನೊಬ್ಬ ತಡಮಾಡಲಿಲ್ಲ. "ಬಕೀಟಿನ್ಯಾಗ ನೀರು ಕಾಸೋ ಕಾಯ್ಲ್ ಹಾಕಿರ್ತಾರ್ರಿ. ಒದ್ರ ಕರೆಂಟ್ ಹೊಡೀತೈತ್ರಿ."

"ಇದು ಹಳೇ ಮಾತು. ಆಗ ಕರೆಂಟ್ ಇರಲಿಲ್ಲ" ಅಂದೆ. ಅಷ್ಟು ಗೊತ್ತಿದ್ದುದಕ್ಕೆ ನನಗೆ ನನ್ನ ಮೇಲೇ ಅಭಿಮಾನ ಬಂತು.

ಕಿಟಕಿಯ ಪಕ್ಕದ ಹುಡುಗಿ ಕೈ ಎತ್ತಿದಳು. ಮಾತು ಕಡಿಮೆ ಆಡುವ ಹುಡುಗಿ. "ನನಗ ಗೊತ್ತೈತ್ರಿ ಅಕ್ಕೋರ. ನಮ್ಮ ಓಣ್ಯಾಗ ಎಂಟು ದಿನಕ್ಕೊಮ್ಮೆ ನಳ ಬರತಾವು. ತುಂಬಿದ ಬಕೀಟು ಒದ್ದವರನ್ನ ನಮ್ಮವ್ವ ಜೀವಂತ ಬಿಡಂಗಿಲ್ರಿ."

ಇಡೀ ಕ್ಲಾಸು "ಹೌದ್ರಿ, ಹೌದ್ರಿ" ಅಂತ ಗೋಣು ಹಾಕಿತು. ನಮ್ಮ ಮನೆಯ ನಳವನ್ನು ನೆನೆಸಿಕೊಂಡು ನಾನೂ ಹಾಕಿದೆ.

ಸಾಹೇಬರ ಷರಾ

ಮೊದಲನೇ ಬೆಂಚಿನವಳು ಮಾತ್ರ ಗೋಣು ಹಾಕಲಿಲ್ಲ. "ಇಂಗ್ಲೆಂಡಿನ್ಯಾಗೂ ಎಂಟು ದಿನಕ್ಕೊಮ್ಮೆ ನಳ ಬರತಾವೇನ್ರಿ?" ಅಂದಳು. "ನಾಳೆ ಹೇಳ್ತೀನಿ ಕೂಡು" ಅಂತ ಹೇಳಿ ಗಂಟೆ ಹೊಡೆಯುವ ತನಕ ಬೋರ್ಡಿನ ಕಡೆ ಮುಖ ಮಾಡಿ ನಿಂತೆ.

ಸಂಜೆ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಹುಡುಕಿದೆ. ಒಂದಲ್ಲ, ಮೂರು ಕಾರಣ ಸಿಕ್ಕವು. ಉರುಲು ಹಾಕಿಕೊಳ್ಳುವವರು ಬಕೆಟ್ ಮೇಲೆ ನಿಂತು ಅದನ್ನು ಒದೆಯುತ್ತಿದ್ದರು ಅನ್ನುವುದು ಮೊದಲನೆಯದು. ಹದಿನೈದರ ಮಕ್ಕಳ ಮುಂದೆ ಅದನ್ನು ಎತ್ತುವುದೇ ಬೇಡ ಅಂತ ಅಲ್ಲೇ ಬಿಟ್ಟೆ. ಎರಡನೆಯದು, ಇಂಗ್ಲೆಂಡಿನ ಕೆಲವು ಕಡೆ ಹಿಂದೆ ತೊಲೆಗೆ ಬಕೆಟ್ ಅನ್ನುತ್ತಿದ್ದರಂತೆ. ಹಂದಿಯನ್ನು ಕಡಿಯುವಾಗ ಹಿಂಗಾಲು ಕಟ್ಟಿ ಆ ತೊಲೆಗೆ ತೂಗುಹಾಕುತ್ತಿದ್ದರು, ಒದ್ದಾಡುವ ಹಂದಿಯ ಕಾಲು ತೊಲೆಗೆ ಬಡಿಯುತ್ತಿತ್ತು. ಮೂರನೆಯದು, ಸತ್ತವರ ಕಾಲ ಬಳಿ ಪವಿತ್ರ ನೀರಿನ ಬಕೆಟ್ ಇಡುತ್ತಿದ್ದರು, ಬಂದವರೆಲ್ಲ ಅದರ ನೀರನ್ನು ಹೆಣದ ಮೇಲೆ ಚಿಮುಕಿಸುತ್ತಿದ್ದರು. ಕೊನೆಗೆ ಬರೆದಿತ್ತು, ಇವುಗಳಲ್ಲಿ ಯಾವುದು ಖರೆ ಅಂತ ಯಾರಿಗೂ ಖಾತ್ರಿ ಇಲ್ಲ ಎಂದು. ಅದನ್ನು ಓದಿ ನನ್ನ ಜೀವಕ್ಕೆ ತಂಪಾಯಿತು. ಇಂಗ್ಲಿಷರಿಗೇ ಗೊತ್ತಿಲ್ಲದ್ದು ಬೇವೂರಿನವಳಿಗೆ ಗೊತ್ತಿರಲೇಬೇಕೆಂದು ಯಾರೂ ಅನ್ನುವಂತಿಲ್ಲ.

ಉಳಿದ ಎರಡರಲ್ಲಿ ಯಾವುದನ್ನು ಹೇಳಲಿ ಅಂತ ಮರುದಿನ ಹೆಡ್‌ಮಾಸ್ತರರನ್ನು ಕೇಳಿದೆ. ನಿವೃತ್ತಿಗೆ ಹತ್ತಿರ ಬಂದವರು, ಯಾವ ತಂಟೆಯೂ ಆಗದೆ ಪೆನ್ಶನ್ ಮುಟ್ಟಿದರೆ ಸಾಕು ಅನ್ನುವವರು.

"ಹಂದಿ ಬ್ಯಾಡ್ರಿ ಮೇಡಂ. ನಿಮ್ಮ ಪಿರೇಡು ಬಿಸಿಯೂಟಕ್ಕಿಂತ ಮೊದಲ ಐತಿ, ಮಕ್ಕಳು ಉಣ್ಣಂಗಿಲ್ಲ. ಆ ನೀರಿಂದ ಹೇಳ್ರಿ, ಅದು ನಮ್ಮ ಗಂಗಾಜಲ ಇದ್ದಂಗ ಐತಿ." ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಅಂದರು, "ಇಂಗ್ಲೀಷರು ಬಿಟ್ಟು ಹೋಗಿ ಇಷ್ಟು ವರ್ಷಾತು, ಇನ್ನಾ ಅವರ ಬಕೀಟು ನಾವ ಹೊರಬೇಕೇನ್ರಿ?"

ಬಾಗಿಲಲ್ಲಿ ಜೀಪು ನಿಂತ ಸಪ್ಪಳ. ಹೇಳದೆ ಕೇಳದೆ ತಪಾಸಣೆಯ ಸಾಹೇಬರು ಬಂದಿದ್ದರು. ಎಲ್ಲಾ ಕ್ಲಾಸು ಬಿಟ್ಟು ನೇರ ಹತ್ತನೇ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಟ್‌ಬುಕ್ ತೆರೆದರು. "ನಡೀಲಿ" ಅಂದರು.

ನನ್ನ ಬಾಯಿ ತಾನೇ ನಡೆಯಿತು. ಸತ್ತವರ ಕಾಲ ಬಳಿ ಪವಿತ್ರ ನೀರಿನ ಬಕೆಟ್ ಇಡುವುದನ್ನು ಹೇಳಿ ಮುಗಿಸಿದೆನೋ ಇಲ್ಲವೋ, ಮೊದಲನೇ ಬೆಂಚು ಎದ್ದು ನಿಂತಿತು.

"ಬಕೀಟು ಇಡೂದು ಸತ್ತಮ್ಯಾಲ ಅಲ್ರೀ? ಸತ್ತಾಂವ ಹೆಂಗ ಒದೀತಾನ್ರಿ?"

ಸಾಹೇಬರು ತಲೆ ಎತ್ತಿ ನೋಡಿದರು. ಹೆಡ್‌ಮಾಸ್ತರರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆ ಕ್ಷಣ ನನಗೆ ಎಲ್ಲಿಂದ ನೆನಪಾಯಿತೋ, ದೇವರೇ ಬಲ್ಲ. "ಹೆಣದ ಕಾಲು ನೆಟ್ಟಗ ಮಾಡಿ ಚಾಚಿಸುವಾಗ ಪಾದ ಬಕೆಟ್ಟಿಗೆ ತಾಗುತ್ತಿತ್ತಂತೆ. ಅದನ್ನೇ ಒದೆಯುವುದು ಅಂತ ಅಂದರು" ಎಂದೆ. ಹುಡುಗಿ ಒಂದು ಗಳಿಗೆ ಯೋಚಿಸಿ ಕೂತಳು. ಅವಳು ಕೂತದ್ದನ್ನು ನೋಡಿ ನನಗೆ ಪ್ರಶಸ್ತಿ ಬಂದಷ್ಟು ಸಮಾಧಾನವಾಯಿತು.

ಸಾಹೇಬರು ಸಾಲಿಯ ತಪಾಸಣೆ ಪುಸ್ತಕದಲ್ಲಿ ಷರಾ ಬರೆದು ಸಹಿ ಹಾಕಿ ಹೋದರು. ಜೀಪು ಊರು ದಾಟುವ ತನಕ ಆ ಪುಸ್ತಕ ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಕಡೆಗೆ ಹೆಡ್‌ಮಾಸ್ತರರೇ ಓದಿದರು. "ಪಾಠ ಚೆನ್ನಾಗಿದೆ. ಆದರೆ ಪಾಠೋಪಕರಣ ಬಳಸಿರುವುದಿಲ್ಲ. ಶಿಕ್ಷಕಿಯು ಒಂದು ಬಕೆಟ್ ತಂದು ಸ್ವತಃ ಒದ್ದು ತೋರಿಸಬೇಕಾಗಿತ್ತು."

ಓದಿ, ಪುಸ್ತಕ ಮುಚ್ಚಿ, ನನ್ನ ಮುಖವನ್ನು ಭಾಳ ಮರುಕದಿಂದ ನೋಡಿದರು.

"ಮೇಡಂ, ಸಾಹೇಬ್ರು ನಿಮಗ ಸಾಯ್ರಿ ಅಂತ ಬರದು ಸಹಿ ಮಾಡ್ಯಾರ್ರೀ."

ಸಾಂಬಾರಿನ ಬಕೆಟ್

ಪಾಠ ಹತ್ತನೇ ಕ್ಲಾಸಿನಲ್ಲೇ ಉಳಿದಿದ್ದರೆ ಚಿಂತೆ ಇರಲಿಲ್ಲ. ಮಕ್ಕಳು ಅದನ್ನು ಒಂಬತ್ತನೆಯವರಿಗೆ ಹೇಳಿದರು. ಒಂಬತ್ತನೆಯವರು ಎಂಟನೆಯವರಿಗೆ ಹೇಳಿದರು. ಎಂಟನೇ ಕ್ಲಾಸಿಗೆ ಮುಟ್ಟುವ ಹೊತ್ತಿಗೆ ಅದರ ಇಂಗ್ಲಿಷೆಲ್ಲ ಸೋರಿ ಹೋಗಿ ಬರೀ ಇಷ್ಟು ಉಳಿದಿತ್ತು, 'ಬಕೀಟು ಒದ್ದವರು ಸಾಯ್ತಾರಂತ. ಅಕ್ಕೋರ ಹೇಳ್ಯಾರ.'

ನಮ್ಮಲ್ಲಿ ಬಿಸಿಯೂಟಕ್ಕೆ ಮಕ್ಕಳು ವರಾಂಡದಲ್ಲಿ ಸಾಲಾಗಿ ಕೂತಿರುತ್ತಾರೆ. ಸಾಂಬಾರು ಸ್ಟೀಲಿನ ಬಕೆಟ್ಟಿನಲ್ಲಿ ಬರುತ್ತದೆ. ಒಂದು ದಿನ ಎಂಟನೇ ಕ್ಲಾಸಿನ ಒಬ್ಬ ಸಣ್ಣ ಹುಡುಗಿ ತಾಟು ಹಿಡಿದು ಏಳುವಾಗ ಕಾಲು ತೊಡರಿ ಬಕೆಟ್ಟಿಗೆ ಬಡಿಯಿತು. ಬಕೆಟ್ ಬೀಳಲಿಲ್ಲ, ಠಣ್ ಅಂತ ಸಪ್ಪಳ ಆಯಿತು ಅಷ್ಟೆ. ನೂರು ಮಕ್ಕಳು ಬಾಯಲ್ಲಿನ ತುತ್ತು ಬಾಯಲ್ಲೇ ಇಟ್ಟುಕೊಂಡು ಆ ಹುಡುಗಿಯನ್ನೇ ನೋಡಿದರು, ಈಗ ಸಾಯುತ್ತಾಳೋ ಆಮೇಲೆ ಸಾಯುತ್ತಾಳೋ ಅಂತ. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ನಾನು ಓಡಿಹೋಗಿ ತಬ್ಬಿಕೊಂಡೆ. "ಏನಾಗಂಗಿಲ್ಲವ್ವ, ಅದು ಬರೀ ಮಾತು" ಅಂದೆ. "ಮತ್ತ ನೀವ ಬೋರ್ಡಿನ ಮ್ಯಾಲೆ ಬರದೀರಂತಲ್ರಿ" ಅಂದಳು. ಬೋರ್ಡಿನ ಮೇಲೆ ಬರೆದದ್ದು ಸುಳ್ಳು ಅಂತ ಬರೆದ ಅಕ್ಕೋರ ಬಾಯಿಂದಲೇ ಹೇಗೆ ಹೇಳುವುದು?

ಮರುದಿನ ಆ ಹುಡುಗಿ ಸಾಲಿಗೆ ಬರಲಿಲ್ಲ.

ಹಾಜರಿ ಕೂಗುವಾಗ ಅವಳ ಹೆಸರಿಗೆ ಯಾರೂ "ಎಸ್ ಟೀಚರ್" ಅನ್ನದಿದ್ದಾಗ ಅದನ್ನೇ ಮತ್ತೆರಡು ಸಲ ಕೂಗಿದೆ. ಹೆದರಿ ಜ್ವರ ಬಂದಿದ್ದರೆ? ಜ್ವರ ನೆತ್ತಿಗೇರಿದ್ದರೆ? ಆ ದಿನ ನಾನು ಏನು ಪಾಠ ಮಾಡಿದೆನೋ ನನಗೆ ಗೊತ್ತಿಲ್ಲ. ಸಾಲಿ ಬಿಟ್ಟ ಕೂಡಲೇ ಅಡುಗೆ ಮಾಡುವ ಅಕ್ಕನನ್ನು ಕರೆದುಕೊಂಡು ಅವರ ಓಣಿಗೆ ಹೋದೆ. ಮನೆ ಮುಂದೆ ಚಪ್ಪಲಿ ಎಷ್ಟಿವೆ ಅಂತ ಮೊದಲು ನೋಡಿದೆ. ಭಾಳ ಇರಲಿಲ್ಲ. ಅರ್ಧ ಜೀವ ಬಂತು.

ಕಟ್ಟೆಯ ಮೇಲೆ ಹುಡುಗಿಯ ಅಜ್ಜಿ ಕೂತಿದ್ದಳು. ಸೊಂಟ ಬಾಗಿತ್ತು, ಧ್ವನಿ ಬಾಗಿರಲಿಲ್ಲ.

"ನೀವೇನ ಇಂಗ್ಲೀಷ್ ಅಕ್ಕೋರ?"

"ಹೌದ್ರಿ ಅಜ್ಜಿ. ಹುಡುಗಿ ಹೆಂಗದಾಳ್ರಿ?"

"ಆಕಿಗೇನಾಗೈತಿ? ಅಳ್ಕೋಂತ ಬಂದ್ಲು. ದೃಷ್ಟಿ ಆಗೈತೇನೋ ಅಂತ ಉಪ್ಪು ಮೆಣಸಿನಕಾಯಿ ಇಳಿ ತೆಗದು ಒಗದೆ. ಎರಡು ರೊಟ್ಟಿ ತಿಂದು ಮಲಗಿದ್ಲು. ಇವತ್ತ ಸಾಲಿ ತಪ್ಪಿಸಾಕ ನೆವ ಸಿಕ್ಕೈತಿ, ಹಿತ್ತಲದಾಗ ಆಡಾಕ ಹತ್ಯಾಳ." ಅಷ್ಟು ಹೇಳಿ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬಕೀಟು ಒದ್ರ ಸಾಯ್ತಾರ ಅಂತ ಕಲಿಸೀರಂತ. ಹೌದೇನ?"

ನಾನು ನುಡಿಗಟ್ಟು, ರೂಢಿ, ಇಂಗ್ಲೆಂಡು ಅಂತ ಏನೇನೋ ತೊದಲಿದೆ. ಅಜ್ಜಿ ಕೈ ಅಡ್ಡ ಮಾಡಿದಳು.

"ನನಗ ಎಂಬತ್ತಾಗ್ಯಾವು. ಕಣ್ಣು ಸರಿ ಕಾಣಂಗಿಲ್ಲ. ದಿನಾ ಒಂದು ಬಕೀಟರ ಒದೀತೀನಿ, ಒಂದು ಕೊಡಾ ಎಡವತೀನಿ." ಆಮೇಲೆ ಒಳಮನೆಯ ಕಡೆ ಮುಖ ಮಾಡಿ, ಓಣಿಗೆಲ್ಲ ಕೇಳುವಂತೆ ಹೇಳಿದಳು, "ಬಕೀಟು ಒದ್ರ ಸಾಯೂದು ಖರೆ ಇದ್ದಿದ್ರ, ನನ್ನ ಸೊಸಿ ಬಾಗಲಕ್ಕೊಂದು ಬಕೀಟು ಇಡತಿದ್ಲು!"

ಒಳಗೆ ಪಾತ್ರೆ ತೊಳೆಯುವ ಸಪ್ಪಳ ಒಮ್ಮೆಲೇ ನಿಂತಿತು.

ನವಲಿಗೆ ಒಯ್ದ ಹಾರ

ಆ ವರ್ಷ ನಮ್ಮ ಸಾಲಿಯಲ್ಲಿ ಇಂಗ್ಲಿಷ್ ವಾತಾವರಣ ಬರಬೇಕೆಂದು ಸಾಹೇಬರು ಬಾಯಿಮಾತಿನಲ್ಲಿ ಹೇಳಿ ಹೋಗಿದ್ದರು. ಹೆಡ್‌ಮಾಸ್ತರರು ಅದಕ್ಕೆ ಸುಲಭದ ಹಾದಿ ಹುಡುಕಿದರು. ಸ್ಟಾಫಿನ ವಾಟ್ಸಾಪ್ ಗುಂಪಿನಲ್ಲಿ ಇನ್ನು ಮುಂದೆ ಎಲ್ಲರೂ ಇಂಗ್ಲಿಷಿನಲ್ಲೇ ಬರೆಯಬೇಕು, ರಜೆ ಕೇಳುವುದೂ ಸಹ. ಮೊದಲನೇ ದಿನವೇ ಪಿ.ಟಿ. ಮಾಸ್ತರರು ಬರೆದರು, "ಟುಡೇ ಐ ಆಮ್ ಹೆಡೇಕ್." ಹೆಡ್‌ಮಾಸ್ತರರು "ಓಕೆ" ಅಂದರು. ಅಲ್ಲಿಗೆ ವಾತಾವರಣ ಬಂದಂತಾಯಿತು.

ಕುಷ್ಟಗಿ ಕಡೆಯಿಂದ ವರ್ಗವಾಗಿ ಬಂದು ಹದಿನೈದು ದಿನವಾಗಿದ್ದ ವಿಜ್ಞಾನ ಮಾಸ್ತರರೊಬ್ಬರು ಇದ್ದರು. ಮೆತ್ತಗಿನ ಮನುಷ್ಯ. ನಮ್ಮ ಸಾಲಿಯಲ್ಲಿ ನಡೆದ ಬಕೆಟ್ ಪುರಾಣ ಅವರಿಗೆ ಗೊತ್ತಿರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಅವರ ಮೆಸೇಜು ಬಂತು.

"ರೆಸ್ಪೆಕ್ಟೆಡ್ ಸರ್, ಟುಡೇ ಮಾರ್ನಿಂಗ್ ಮೈ ಫಾದರ್-ಇನ್-ಲಾ ಕಿಕ್ಡ್ ದಿ ಬಕೆಟ್. ಐ ಆಮ್ ಗೋಯಿಂಗ್ ಟು ನವಲಿ. ಪ್ಲೀಸ್ ಗ್ರಾಂಟ್ ಒನ್ ಡೇ ಲೀವ್."

ಬೇರೆ ಯಾವ ಸಾಲಿಯವರಾದರೂ ಇದನ್ನು ಓದಿ ತಲೆ ಕೆರೆದುಕೊಳ್ಳುತ್ತಿದ್ದರು. ನಮ್ಮ ಸಾಲಿಯಲ್ಲಿ ಎಲ್ಲರಿಗೂ ಆ ಕ್ಷಣವೇ ತಿಳಿಯಿತು. ಗುಂಪಿನಲ್ಲಿ 'ಓಂ ಶಾಂತಿ', ಕೈ ಮುಗಿದ ಚಿತ್ರ, ಮತ್ತೆ 'ಓಂ ಶಾಂತಿ'. ಹೆಡ್‌ಮಾಸ್ತರರು ಫೋನ್ ಮಾಡಿದರೆ ಅವರದು ಬಂದ್.

"ಪಾಪ, ಹೊಸದಾಗಿ ಬಂದಾರ. ನಾವು ಹೋಗದಿದ್ರ ಛಲೋ ಅನಸಂಗಿಲ್ಲ" ಅಂದ ಹೆಡ್‌ಮಾಸ್ತರರು, ಸ್ವಲ್ಪ ಅನುಮಾನದಿಂದ ನನ್ನ ಕಡೆ ತಿರುಗಿದರು. "ಮೇಡಂ, ಅರ್ಥ ಅದ ಹೌದಲ್ರಿ? ಖಾತ್ರಿ ಐತೆಲ್ಲ?"

"ಖಾತ್ರಿ ಸರ್" ಅಂದೆ. ಹದಿನಾಲ್ಕು ವರ್ಷದಲ್ಲಿ ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಮಧ್ಯಾಹ್ನ ಸಾಲಿ ಬಿಟ್ಟ ಮೇಲೆ ಪಿ.ಟಿ. ಮಾಸ್ತರರ ಕಾರಿನಲ್ಲಿ ನಾವು ಮೂವರು ಹೊರಟೆವು. ಕನಕಗಿರಿಯಲ್ಲಿ ನಿಲ್ಲಿಸಿ ಒಂದು ದೊಡ್ಡ ಚೆಂಡುಹೂವಿನ ಹಾರ, ಒಂದು ಕಟ್ಟು ಊದಿನಕಡ್ಡಿ ತೆಗೆದುಕೊಂಡೆವು. ಕಾರು ಮುಂದೆ ಹೋದಂತೆ ನನ್ನ ಖಾತ್ರಿ ಹಿಂದೆ ಹಿಂದೆ ಉಳಿಯತೊಡಗಿತು. ಇಂಗ್ಲಿಷಿನಲ್ಲಿ ಆ ಮಾತನ್ನು ಹಗುರಾಗಿ, ಚೇಷ್ಟೆಗೆ ಆಡುತ್ತಾರೆ. ಹೆಂಡತಿಯ ತಂದೆ ತೀರಿಕೊಂಡದ್ದನ್ನು ಯಾರಾದರೂ ಹಾಗೆ ಬರೆಯುತ್ತಾರೆಯೇ? ಮೆಲ್ಲಗೆ ಹೆಡ್‌ಮಾಸ್ತರರಿಗೆ ಹೇಳಿದೆ.

"ವಿಜ್ಞಾನದವ್ರು ಮೇಡಂ. ಅವರಿಗೆ ಭಾವನಾ ಕಡಿಮಿ ಇರತಾವು" ಅಂದರು.

ನವಲಿ ಬಂತು. ಎರಡೂ ಕಡೆ ಭತ್ತದ ಗದ್ದೆ. ದಾರಿಯಲ್ಲಿ ಒಬ್ಬ ಹಿರಿಯರನ್ನು ನಿಲ್ಲಿಸಿ, ಇರಕಲ್ಲಗಡದ ಕಡೆ ಮಾಸ್ತರ ಆಗಿರುವವರ ಮಾವನ ಮನೆ ಯಾವುದು ಅಂತ ಕೇಳಿದೆವು. ಆತ ಲೊಚಗುಟ್ಟಿದ.

"ಹಂಗ ಮುಂದ ಹೋಗ್ರಿ, ನೀಲಿ ಬಾಗಲದ್ದು. ಬೆಳಿಗ್ಗಿ ಹಿಂಗಾತು ನೋಡ್ರಿ. ಛಲೋ ಮನಷ್ಯಾ. ಈ ವಯಸ್ಸಿನ್ಯಾಗ ಹಿಂಗಾಗಬಾರದಿತ್ತು."

ನನಗೆ ದುಃಖದ ಜೊತೆ ಒಂಥರಾ ಸಮಾಧಾನವೂ ಆಯಿತು. ಅದಕ್ಕೆ ನಾಚಿಕೆಯೂ ಆಯಿತು.

ಮನೆ ಮುಂದೆ ಪೆಂಡಾಲಿಲ್ಲ, ಅಳುವಿಲ್ಲ. "ಮಣ್ಣು ಮುಗಿಸಿಬಿಟ್ಟಾರೇನ?" ಅಂತ ಹೆಡ್‌ಮಾಸ್ತರರು ಪಿಸುಗುಟ್ಟಿದರು. ಪಿ.ಟಿ. ಮಾಸ್ತರರು ತಡ ಮಾಡಬಾರದೆಂದು ಬಾಗಿಲಲ್ಲೇ ಊದಿನಕಡ್ಡಿ ಹಚ್ಚಿದರು. ಹೆಡ್‌ಮಾಸ್ತರರು ಎರಡೂ ಕೈಯಲ್ಲಿ ಹಾರ ಹಿಡಿದು, ಮುಖ ಇಳಿಬಿಟ್ಟುಕೊಂಡು ಒಳಗೆ ಕಾಲಿಟ್ಟರು. ಅವರ ಹಿಂದೆ ನಾವು.

ಪಡಸಾಲೆಯ ಮಂಚದ ಮೇಲೆ ಒಬ್ಬ ಯಜಮಾನರು ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದರು. ಬಲಗಾಲಿಗೆ ಬಿಳಿ ಪಟ್ಟಿ, ಕಾಲಿನ ಕೆಳಗೆ ದಿಂಬು.

"ಬರ್ರಿ ಬರ್ರಿ. ಯಾವೂರವರು?" ಅಂದರು.

ಅಷ್ಟರಲ್ಲಿ ವಿಜ್ಞಾನ ಮಾಸ್ತರರು ಔಷಧಿಯ ಚೀಲ ಹಿಡಿದು ಒಳಗಿನಿಂದ ಬಂದರು. ನಮ್ಮನ್ನು ನೋಡಿ ಅವರ ಕಣ್ಣಲ್ಲಿ ನೀರೇ ಬಂತು. "ಸರ್! ಇಷ್ಟು ದೂರ ಬಂದ್ರೇನ್ರಿ! ನಮ್ಮ ಮಾವನೋರು ರೀ ಇವರು. ಎಮ್ಮಿಗೆ ಇಟ್ಟ ನೀರಿನ ಬಕೀಟು ಬೆಳಿಗ್ಗಿ ಕತ್ತಲದಾಗ ಕಾಣಲಿಲ್ಲ, ಜೋರ್ಲೇ ಒದ್ದು ಹೆಬ್ಬೆಟ್ಟು ಮುರೀತ್ರಿ. ಗಂಗಾವತಿಗೆ ಒಯ್ದು ಎಕ್ಸ್‌ರೇ ತೆಗಿಸಿ ಈಗ ಬಂದ್ವಿ. ಮೆಸೇಜಿನ್ಯಾಗ ಎಲ್ಲಾ ಬರದಿದ್ನೆಲ್ರಿ!"

ಹೆಡ್‌ಮಾಸ್ತರರು ನನ್ನನ್ನು ನೋಡಿದರು. ನಾನು ನೆಲದಲ್ಲಿ ಎಲ್ಲಾದರೂ ಬಿರುಕು ಇದೆಯೇ ಅಂತ ನೋಡಿದೆ. ಊದಿನಕಡ್ಡಿಯ ಹೊಗೆ ಸುತ್ತಿಕೊಂಡು ನೇರ ಯಜಮಾನರ ಮೂಗಿಗೆ ಹೋಯಿತು.

"ಇದ್ಯಾಕ್ರಿ ಹಚ್ಚೀರಿ?"

"ಕಾಲುವಿ ಊರಲ್ರಿ, ಸೊಳ್ಳಿ ಭಾಳ ಅದಾವ ಅಂತ ಕೇಳಿದ್ವಿ" ಅಂದರು ಪಿ.ಟಿ. ಮಾಸ್ತರರು. ಅವರಿಗೆ ಅಷ್ಟು ಬುದ್ಧಿ ಇದೆ ಅಂತ ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

"ಮತ್ತ ಆ ಹಾರ ಯಾರಿಗ್ರಿ?"

ಹೆಡ್‌ಮಾಸ್ತರರ ಕೈಯಲ್ಲಿದ್ದ ಹಾರದಿಂದ ಎರಡು ಚೆಂಡುಹೂವು ಕೆಳಗೆ ಉದುರಿದವು. ಒಮ್ಮೆಲೇ ಅವರು ಮುಂದೆ ನಡೆದು ಹಾರವನ್ನು ಯಜಮಾನರ ಕೊರಳಿಗೆ ಹಾಕಿಬಿಟ್ಟರು.

"ನಿಮಗ್ರಿ! ಇಂಥಾ ಛಲೋ ಅಳಿಯನ್ನ ನಮ್ಮ ಸಾಲಿಗೆ ಕೊಟ್ಟೀರಿ. ಸಾಲಿ ವತಿಯಿಂದ ಸನ್ಮಾನ ರೀ!"

ನಾನು ಚಪ್ಪಾಳೆ ತಟ್ಟಿದೆ. ಪಿ.ಟಿ. ಮಾಸ್ತರರೂ ತಟ್ಟಿದರು. ಒಳಗಿನಿಂದ ಹೆಂಗಸರು ಬಂದು ನಿಂತು ಅವರೂ ತಟ್ಟಿದರು. ಯಜಮಾನರು ಚಹಾದ ಬಸಿ ಕೆಳಗಿಟ್ಟು, ಹಾರವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಎಪ್ಪತ್ತು ವರ್ಷಾತ್ರಿ ಸರ್" ಅಂದರು. "ಎರಡು ಸಲ ಪಂಚಾಯ್ತಿ ಇಲೆಕ್ಷನ್‌ಗೆ ನಿಂತೆ, ಎರಡೂ ಸಲ ಬಿದ್ದೆ. ಊರಾಗ ಒಬ್ಬನೂ ನನಗ ಒಂದು ಹಾರ ಹಾಕಲಿಲ್ಲ. ಹಿಂಗ ಮರ್ಯಾದಿ ಮಾಡ್ತಾರ ಅಂತ ಗೊತ್ತಿದ್ದಿದ್ರ, ಆ ಬಕೀಟು ನಾ ಯಾವಾಗೋ ಒದ್ದುಬಿಡತಿದ್ದೆ!"